ಬೆನ್ನಿಗೆ ಒಪ್ಪುವ ಜೀನು

ತಾಳಿಕೋಟೆ ಎಂದ ಕೂಡಲೇ ಶಾಲೆಯ ಮಕ್ಕಳ ಬಾಯಿಂದ ಹೊರಡುವುದು ಒಂದೇ ಇಸವಿ: 1565. ಆ ವರ್ಷದ ಜನವರಿ 23ರಂದು ವಿಜಯನಗರದ ಅಳಿಯ ರಾಮರಾಯನ ಸೈನ್ಯಕ್ಕೂ ದಖ್ಖನ್ನಿನ ಸುಲ್ತಾನರ ಕೂಟಕ್ಕೂ ಯುದ್ಧವಾಯಿತು, ರಾಮರಾಯ ಮಡಿದ, ಹಂಪೆ ಹಾಳಾಯಿತು. ಪರೀಕ್ಷೆಗೆ ಇಷ್ಟು ಸಾಕು. ಸ್ವಲ್ಪ ಹೆಚ್ಚು ಓದಿದ ಮಕ್ಕಳು ಇನ್ನೊಂದು ಮಾತು ಸೇರಿಸುತ್ತಾರೆ. ಯುದ್ಧ ನಡೆದದ್ದು ತಾಳಿಕೋಟೆಯ ಊರೊಳಗಲ್ಲ. ಸುಲ್ತಾನರ ಪಡೆಗಳು 1564ರ ಡಿಸೆಂಬರಿನಲ್ಲಿ ಡೋಣಿ ನದಿಯ ಬಳಿಯ ತಾಳಿಕೋಟೆಯಲ್ಲಿ ಸೇರಿ, ಅಲ್ಲಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದ ಕೃಷ್ಣೆಯ ಕಡೆಗೆ ಸಾಗಿದವು. ಆದ್ದರಿಂದಲೇ ಮುದ್ದೇಬಿಹಾಳ ಸೀಮೆಯ ರಕ್ಕಸಗಿ, ತಂಗಡಗಿ ಎಂಬ ಹಳ್ಳಿಗಳ ಹೆಸರಿನಿಂದಲೂ ಈ ಯುದ್ಧವನ್ನು ಕರೆಯುತ್ತಾರೆ.

ಪಾಠದಲ್ಲಿ ರಾಜರ ಹೆಸರುಗಳಿವೆ, ಸೇನಾಪತಿಗಳ ಹೆಸರುಗಳಿವೆ, ತೋಪುಗಳ ಮಾತಿದೆ. ಇಲ್ಲದಿರುವುದು ಕುದುರೆಯ ಬೆನ್ನು. ಆ ದಿನಗಳಲ್ಲಿ ರಾವುತನೊಬ್ಬ ಆಯುಧ, ಅಂಗಿ, ಬುತ್ತಿಗಂಟುಗಳೊಂದಿಗೆ ಏರಿ ಕುಳಿತರೆ ನೂರು ಕಿಲೋ ಸುಲಭವಾಗಿ ದಾಟುತ್ತಿತ್ತು. ಆ ಭಾರವನ್ನು ಹೊತ್ತು ಕುದುರೆ ದಿನಗಟ್ಟಲೆ ನಡೆಯಬೇಕು, ಆಮೇಲೆ ಓಡಬೇಕು. ಬೆನ್ನಿನ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಹುಣ್ಣಾದರೆ ಸಾಕು, ಎಷ್ಟೇ ಬೆಲೆಯ ಕುದುರೆಯಾದರೂ ಯುದ್ಧಕ್ಕೆ ಇದ್ದೂ ಇಲ್ಲದಂತೆ. ಆ ಹುಣ್ಣಿಗೆ ಬಹುಮಟ್ಟಿಗೆ ಕಾರಣ ಶತ್ರುವಿನ ಕತ್ತಿಯಲ್ಲ, ಸ್ವಂತ ಜೀನು.

ಬೆಲೆ ಬಾಳುವ ಬೆನ್ನು

ದಕ್ಷಿಣದ ರಾಜರಿಗೆ ಒಳ್ಳೆಯ ಯುದ್ಧದ ಕುದುರೆಗಳು ಅರಬ್ಬೀ ಸಮುದ್ರ ದಾಟಿ ಬರಬೇಕಿತ್ತು. ಹೊರ್ಮುಜ್‌ನಿಂದ ಹಡಗೇರಿದ ಕುದುರೆಗಳು ಗೋವೆ, ಭಟ್ಕಳಗಳಂಥ ಬಂದರುಗಳಲ್ಲಿ ಇಳಿಯುತ್ತಿದ್ದವು. ವಿಜಯನಗರದ ದೊರೆ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅದಕ್ಕೂ ಹಿಂದೆ ಸಾಳುವ ನರಸಿಂಹನ ಕಾಲದಲ್ಲಿ, ದಾರಿಯಲ್ಲೇ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ವ್ಯಾಪಾರಿಗೆ ಹಣ ಸಿಗುತ್ತಿತ್ತಂತೆ. ಅಷ್ಟು ಅಗತ್ಯ, ಅಷ್ಟು ಬೆಲೆ.

ಸೋಲಿನ ನಂತರದ ಕಥೆಯೂ ಇದನ್ನೇ ಹೇಳುತ್ತದೆ. 1567ರಲ್ಲಿ ಈ ಕಡೆ ಬಂದಿದ್ದ ಇಟಲಿಯ ವ್ಯಾಪಾರಿ ಚೆಸಾರೆ ಫೆದೆರೀಚಿ ಒಂದು ಸಂಗತಿ ದಾಖಲಿಸಿದ್ದಾನೆ. ರಾಮರಾಯನ ತಮ್ಮ ತಿರುಮಲನಿಗೆ ಯುದ್ಧದ ಬಳಿಕ ಕುದುರೆಗಳೇ ಇರಲಿಲ್ಲ. ಕುದುರೆ ತಂದರೆ ಒಳ್ಳೆಯ ಬೆಲೆ ಕೊಡುವೆನೆಂದು ಅವನು ವ್ಯಾಪಾರಿಗಳಿಗೆ ಹೇಳಿಕಳಿಸಿದ. ಅವರು ತಂದಾಗ ಒಳ್ಳೆಯವನ್ನು ಆರಿಸಿಕೊಂಡು ಬರಿಗೈಯಲ್ಲಿ ಕಳಿಸಿಬಿಟ್ಟ. ಹಣವಿಲ್ಲದ ದೊರೆಗೂ ಕುದುರೆ ಬೇಕೇ ಬೇಕಿತ್ತು.

ಆದರೆ ಕೊಂಡ ಕುದುರೆಗಳೆಲ್ಲ ಒಂದೇ ಅಚ್ಚಿನವಲ್ಲ. ಅರಬ್ಬೀ ಕುದುರೆಯ ಬೆನ್ನು ಸಾಮಾನ್ಯವಾಗಿ ಗಿಡ್ಡ ಮತ್ತು ಅಗಲ. ಇಂಡಿ, ಸಿಂದಗಿ ತಾಲ್ಲೂಕುಗಳ ಉತ್ತರಕ್ಕೆ ಹರಿಯುವ ಭೀಮೆಯ ಹೆಸರನ್ನೇ ಹೊತ್ತ ಭೀಮಥಡಿ ಎಂಬ ದಖ್ಖನ್ನಿನ ತಳಿ ಬೇರೆಯೇ ಮೈಕಟ್ಟಿನದು. ಸಮುದ್ರ ಪ್ರಯಾಣದಲ್ಲಿ ಸೊರಗಿ ಇಳಿದ ಕುದುರೆಗೂ ಮೂರು ತಿಂಗಳು ಹುರುಳಿ ತಿಂದು ಮೈತುಂಬಿಕೊಂಡ ಅದೇ ಕುದುರೆಗೂ ಬೆನ್ನಿನ ಆಕಾರ ಒಂದಲ್ಲ. ಇಷ್ಟು ಬಗೆಯ ಬೆನ್ನುಗಳಿಗೆ ಜೀನನ್ನು ಹೊಂದಿಸುವುದು ಹೇಗೆ? ಅಶ್ವದಳ ಇದ್ದಲ್ಲೆಲ್ಲ ಈ ಪ್ರಶ್ನೆ ಇದ್ದೇ ಇತ್ತು.

ಹಲ್ಲಣದಿಂದ ಜೀನಿಗೆ

ಜೀನಿಗೆ ಹಳೆಯ ಕನ್ನಡದ ಮಾತು ಹಲ್ಲಣ. ಕುದುರೆ ಪಡೆಯ ಮೇಲ್ವಿಚಾರಕನಿಗೆ ಸಾಹಣಿ ಎಂಬ ಹೆಸರಿತ್ತು. ಸುಲ್ತಾನರ ಕಾಲದಲ್ಲಿ ಪಾರಸಿಯ ಜೀನು, ಲಗಾಮು, ರಿಕಾಬುಗಳು ನಮ್ಮ ನುಡಿಯಲ್ಲಿ ಬೆರೆತವು. ರಿಕಾಬು ಎಂದರೆ ಸವಾರ ಪಾದ ಊರುವ ಬಳೆ.

ಜೀನುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಒಳಗೆ ಗಟ್ಟಿ ಚೌಕಟ್ಟಿಲ್ಲದ, ಬಟ್ಟೆ, ಉಣ್ಣೆಗಳನ್ನು ತುಂಬಿ ಹೊಲಿದ ಮೆತ್ತೆ. ಇನ್ನೊಂದು, ಮರದ ಅಥವಾ ಕಬ್ಬಿಣದ ಚೌಕಟ್ಟಿರುವ ಜೀನು. ಚೌಕಟ್ಟಿನ ರಚನೆ ಸರಳ. ಬೆನ್ನೆಲುಬಿನ ಎಡಕ್ಕೊಂದು, ಬಲಕ್ಕೊಂದು ಉದ್ದನೆಯ ಹಲಗೆ. ಎರಡನ್ನೂ ಮುಂದೊಂದು, ಹಿಂದೊಂದು ಕಮಾನು ಸೇರಿಸುತ್ತವೆ. ಮೇಲೆ ಚರ್ಮ ಬಿಗಿದರೆ ಸವಾರನಿಗೆ ಆಸನ. ಹಲಗೆಗಳ ನಡುವೆ ತಲೆಯಿಂದ ಬಾಲದವರೆಗೆ ತೆರೆದ ಓಣಿ ಉಳಿಯುತ್ತದೆ. ಬೆನ್ನೆಲುಬು ಆ ಓಣಿಯಲ್ಲಿ ಯಾವುದಕ್ಕೂ ತಾಗದೆ ಇರಬೇಕು. ಹಂಗೇರಿಯ ಸವಾರರ ಜೀನಾಗಲಿ, 1859ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಮೆಕ್ಲೆಲನ್ ಜೀನಾಗಲಿ, ಇಂಗ್ಲಿಷರ ಅಶ್ವದಳದ ಜೀನಾಗಲಿ, ಎಲ್ಲದರ ಗುಟ್ಟೂ ಈ ಓಣಿಯೇ.

ಮರಾಠಿಯಲ್ಲಿ ಖೋಗೀರಭರತಿ ಎಂಬ ಮಾತಿದೆ. ಖೋಗೀರ ಎಂದರೆ ಜೀನಿನ ಮೆತ್ತೆ. ಅದರೊಳಗೆ ಸಿಕ್ಕಿದ್ದನ್ನೆಲ್ಲ ತುರುಕಿದಂತೆ ಕೆಲಸಕ್ಕೆ ಬಾರದವರನ್ನು ಲೆಕ್ಕ ತುಂಬಿಸಲು ಸೇರಿಸಿಕೊಳ್ಳುವುದಕ್ಕೆ ಹಾಗೆನ್ನುತ್ತಾರೆ. ಮಾತು ಚೆನ್ನಾಗಿದೆ. ಆದರೆ ಜೀನಿನ ಮಟ್ಟಿಗೆ ಅದು ಅಪಾಯದ ಮಾತು. ಮೆತ್ತೆಯೊಳಗೆ ಸಿಕ್ಕಿದ್ದನ್ನು ತುರುಕಿದರೆ ಒಂದು ಗಂಟು ನಿಲ್ಲುತ್ತದೆ. ಆ ಗಂಟೇ ನಾಳೆ ಹುಣ್ಣಾಗುತ್ತದೆ.

ಮೈಯ ನಕ್ಷೆ

ಜೀನು ಹೊಂದಿಸುವ ಮೊದಲು ಕುದುರೆಯ ಮೈಯ ನಕ್ಷೆ ತಿಳಿಯಬೇಕು. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಎಲುಬಿನದೊಂದು ಏರು ಇದೆ. ಅಲ್ಲಿ ಚರ್ಮದ ಕೆಳಗೆ ಮಾಂಸ ಬಹಳ ಕಡಿಮೆ. ಅದರ ಎರಡೂ ಬದಿಗೆ ಹೆಗಲಿನ ಹಲಗೆಯಂಥ ಎಲುಬುಗಳು. ಮುಂಗಾಲು ಎತ್ತಿ ಇಟ್ಟಾಗಲೆಲ್ಲ ಅವು ಹಿಂದಕ್ಕೆ ಸರಿದು ಮುಂದಕ್ಕೆ ಬರುತ್ತವೆ. ಅವುಗಳ ಹಿಂದೆ ಪಕ್ಕೆಲುಬುಗಳ ಭಾಗ, ಒಟ್ಟು 18 ಜೋಡಿ. ಬೆನ್ನೆಲುಬಿನ ಎರಡೂ ಬದಿಗೆ ಪಕ್ಕೆಲುಬುಗಳ ಮೇಲೆ ದಪ್ಪನೆಯ ಸ್ನಾಯುಗಳಿವೆ. ಕೊನೆಯ ಪಕ್ಕೆಲುಬಿನಾಚೆ ಸೊಂಟ. ಅಲ್ಲಿ ಕೆಳಗಿನಿಂದ ಆಧಾರ ಕೊಡುವ ಪಕ್ಕೆಲುಬು ಇಲ್ಲ.

ಈ ನಕ್ಷೆ ಮನಸ್ಸಿನಲ್ಲಿದ್ದರೆ ಇಂಗ್ಲಿಷ್ ಸೈನ್ಯದ ಕೈಪಿಡಿಗಳು ಸವಾರರಿಗೆ ಕಲಿಸುತ್ತಿದ್ದ ಐದು ನಿಯಮಗಳು ತಾವಾಗಿಯೇ ಹೊಳೆಯುತ್ತವೆ. ಬೆನ್ನೆಲುಬಿನ ಮೇಲೆ ಏನೂ ಒತ್ತಬಾರದು. ಕುತ್ತಿಗೆ ಬುಡದ ಏರನ್ನು ಮೇಲಿನಿಂದ ಒತ್ತಲೂಬಾರದು, ಪಕ್ಕಗಳಿಂದ ಹಿಸುಕಲೂಬಾರದು. ಹೆಗಲೆಲುಬು ತಡೆಯಿಲ್ಲದೆ ಆಡಬೇಕು. ಸೊಂಟದ ಮೇಲೆ ಭಾರ ಬೀಳಬಾರದು. ಇಡೀ ಭಾರ ಸ್ನಾಯುಗಳ ಮೂಲಕ ಪಕ್ಕೆಲುಬುಗಳ ಮೇಲೆ ಸಮನಾಗಿ ಹರಡಬೇಕು.

ಮುದ್ದೇಬಿಹಾಳ, ಬಾಗೇವಾಡಿ ಕಡೆಯ ರೈತರ ಮಕ್ಕಳಿಗೆ ಇದು ಹೊಸದಲ್ಲ. ನೊಗ ಸರಿಯಿಲ್ಲದಿದ್ದರೆ ಎತ್ತಿಗೆ ಹೆಗಲು ಬಾವು ಬರುವುದನ್ನು ಅವರು ಕಂಡಿರುತ್ತಾರೆ. ತಿಳಿದ ರೈತ ಆಗ ಎತ್ತನ್ನು ಬಯ್ಯುವುದಿಲ್ಲ, ನೊಗವನ್ನು ಕೆತ್ತುತ್ತಾನೆ.

ಒಂದು ಸಣ್ಣ ಲೆಕ್ಕ

ಇದರ ಹಿಂದಿರುವುದು ಹೈಸ್ಕೂಲು ವಿಜ್ಞಾನದ ಪಾಠವೇ. ಒತ್ತಡ ಎಂದರೆ ಭಾರವನ್ನು ಅದು ಬೀಳುವ ವಿಸ್ತೀರ್ಣದಿಂದ ಭಾಗಿಸಿದ ಮೊತ್ತ. ಸವಾರ, ಜೀನು, ಸಾಮಾನು ಸೇರಿ 120 ಕಿಲೋ ಎಂದು ಹಿಡಿಯಿರಿ. ಪ್ರತಿ ಹಲಗೆ 50 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲ. ಎರಡೂ ಸೇರಿ 1,200 ಚದರ ಸೆಂ.ಮೀ. ಹಲಗೆ ಪೂರ್ತಿ ಕೂತರೆ ಒಂದು ಚದರ ಸೆಂಟಿಮೀಟರಿಗೆ ಬೀಳುವುದು 100 ಗ್ರಾಂ.

ಈಗ ಹಲಗೆಯ ಬಾಗು ಬೆನ್ನಿನ ಬಾಗಿಗೆ ಹೊಂದಲಿಲ್ಲ ಎನ್ನಿ. ನಡುವೆ ಸೇತುವೆಯಂತೆ ಎದ್ದು ನಿಂತು ಎರಡು ತುದಿಗಳಲ್ಲಿ ಮಾತ್ರ ತಾಗಿತು. ನಾಲ್ಕು ತುದಿಗಳಲ್ಲಿ ತಲಾ 50 ಚದರ ಸೆಂ.ಮೀ. ಅಂದರೆ ಒಟ್ಟು 200. ಅದೇ 120 ಕಿಲೋ ಈಗ ಚದರ ಸೆಂಟಿಮೀಟರಿಗೆ 600 ಗ್ರಾಂ, ಮೊದಲಿನ ಆರು ಪಟ್ಟು! ಭಾರ ಒಂದು ಗುಂಜಿಯೂ ಹೆಚ್ಚಲಿಲ್ಲ. ಆದರೆ ಆ ನಾಲ್ಕು ಜಾಗಗಳಲ್ಲಿ ರಕ್ತದ ಓಡಾಟಕ್ಕೆ ಅಡ್ಡಿಯಾಗಿ ಚರ್ಮ ಸಾಯತೊಡಗುತ್ತದೆ. ಪುಸ್ತಕದ ಚೀಲಕ್ಕೆ ಅಗಲ ಪಟ್ಟಿಯ ಬದಲು ಸುತ್ತಲಿ ಕಟ್ಟಿ ಹೊತ್ತು ನೋಡಿದ ಹುಡುಗನಿಗೆ ಈ ಲೆಕ್ಕವನ್ನು ಬೇರೆ ವಿವರಿಸಬೇಕಿಲ್ಲ.

ಹೊಂದಿಸುವ ಕ್ರಮ

ಕುದುರೆಯನ್ನು ಸಮತಟ್ಟಾದ ನೆಲದ ಮೇಲೆ ನಾಲ್ಕೂ ಕಾಲುಗಳ ಮೇಲೆ ಸಮನಾಗಿ ನಿಲ್ಲಿಸಬೇಕು. ಮೊದಲ ಕೆಲಸ ಅಂಗೈಯದು. ಬರಿ ಬೆನ್ನಿನ ಮೇಲೆ ಎರಡೂ ಬದಿಗೆ ನಿಧಾನವಾಗಿ ಕೈಯಾಡಿಸಿದರೆ ಬಾವು, ಬಿಸಿ, ಗಂಟು ಗೊತ್ತಾಗುತ್ತವೆ. ಕಂದು ಕುದುರೆಯ ಬೆನ್ನಿನಲ್ಲಿ ಅಲ್ಲಲ್ಲಿ ಬಿಳಿ ಕೂದಲಿನ ಚುಕ್ಕೆ ಕಂಡರೆ ಅದನ್ನು ಅಲಂಕಾರವೆಂದು ತಿಳಿಯಬಾರದು. ಹಿಂದೆಂದೋ ಜೀನು ಒತ್ತಿ ಗಾಯವಾಗಿ ಮಾಗಿದ ಗುರುತು ಅದು.

ಎರಡನೆಯದಾಗಿ, ಕಂಬಳಿ, ಮೆತ್ತೆ ಏನೂ ಇಲ್ಲದೆ ಬರಿ ಚೌಕಟ್ಟನ್ನು ಬೆನ್ನಿನ ಮೇಲಿಡಬೇಕು. ಸ್ವಲ್ಪ ಮುಂದೆ ಇಟ್ಟು ಹಿಂದಕ್ಕೆ ಸರಿಸಿದರೆ ಕೂದಲು ಬೆಳೆದ ದಿಕ್ಕಿನಲ್ಲೇ ಒರಗುತ್ತದೆ. ಚೌಕಟ್ಟು ಹೆಗಲೆಲುಬಿನ ಹಿಂದೆ ತಾನಾಗಿ ಕೂಡುವ ಜಾಗವೇ ಅದರ ಜಾಗ. ಮುಂದಿನ ಕಮಾನು ಏರನ್ನು ತಾಗಬಾರದು. ಹಿಂದಿನ ತುದಿ ಕೊನೆಯ ಪಕ್ಕೆಲುಬನ್ನು ದಾಟಿ ಸೊಂಟದ ಮೇಲೆ ಕೂರಬಾರದು. ಹಲಗೆಯ ಕೆಳಗೆ ಬೆರಳು ತೂರಿಸುತ್ತ ಮುಂದಿನಿಂದ ಹಿಂದಿನವರೆಗೆ ಹೋದರೆ ಎಲ್ಲಿ ಬಿಗಿ, ಎಲ್ಲಿ ಸಂದು ಎಂಬುದು ತಿಳಿಯುತ್ತದೆ. ಕಣ್ಣಿಗೆ ಕಾಣಬೇಕೆಂದರೆ ಹಲಗೆಯ ಅಡಿಗೆ ಸೀಮೆಸುಣ್ಣದ ಪುಡಿ ಬಳಿದು, ಇಟ್ಟು ಒತ್ತಿ, ನೇರವಾಗಿ ಮೇಲಕ್ಕೆತ್ತಬೇಕು. ಬೆನ್ನಿನ ಮೇಲೆ ಬಿಳಿ ಬಿದ್ದಲ್ಲಿ ಮಾತ್ರ ಅದು ತಾಗಿದೆ.

ಮೂರನೆಯದು ಕಂಬಳಿ ಮತ್ತು ಮೆತ್ತೆ. ಹಲಗೆಯ ಅಡಿಗೆ ಬಿಗಿಯುವ ಉಣ್ಣೆಯ ಮೆತ್ತೆಗೆ ಇಂಗ್ಲಿಷರು ನಮ್ನಾ ಎನ್ನುತ್ತಾರೆ. ಅದು ನಮ್ಮ ನಾಡಿನ ನಮ್ದಾ ಎಂಬ ಮಾತೇ ಹಡಗು ಹತ್ತಿ ಹೋದದ್ದು. ಮಡಿಸಿದ ಕಂಬಳಿಯಲ್ಲಿ ಒಂದು ಸುಕ್ಕೂ ಇರಬಾರದು. ಇಟ್ಟ ಮೇಲೆ ಅದನ್ನು ಬೆರಳಿನಿಂದ ಕಮಾನಿನೊಳಕ್ಕೆ ಎತ್ತಿ ಬಿಡಬೇಕು. ಇಲ್ಲವಾದರೆ ಓಣಿ ಮುಚ್ಚಿ, ಬಿಗಿದ ಕಂಬಳಿಯೇ ಬೆನ್ನೆಲುಬನ್ನು ಕೊರೆಯುತ್ತದೆ. ಎಲ್ಲಿ ಸಂದು ಇದೆಯೋ ಅಲ್ಲಿ ನಮ್ದಾ ಪಟ್ಟಿ ಸೇರಿಸಬಹುದು, ಆದರೆ ಹಲಗೆಯ ಕೆಳಗೆ ಮಾತ್ರ, ನಡುವಿನ ಓಣಿಯಲ್ಲಿ ಎಂದಿಗೂ ಅಲ್ಲ. ಚೌಕಟ್ಟೇ ಇಕ್ಕಟ್ಟಾಗಿದ್ದರೆ ಮೆತ್ತೆ ಹೆಚ್ಚಿಸುವುದು ಬಿಗಿಯಾದ ಚಪ್ಪಲಿಗೆ ದಪ್ಪ ಕಾಲುಚೀಲ ಹಾಕಿದಂತೆ. ನೋವು ಇಮ್ಮಡಿಯಾದೀತೇ ಹೊರತು ತಗ್ಗದು.

ನಾಲ್ಕನೆಯದು ಹೊಟ್ಟೆಪಟ್ಟಿ. ಅದು ಮುಂಗಾಲಿನ ಮೊಣಕೈಗಿಂತ ಸುಮಾರು ನಾಲ್ಕು ಬೆರಳು ಹಿಂದೆ ಬರಬೇಕು. ಒಂದೇ ಸಲಕ್ಕೆ ಎಳೆದು ಬಿಗಿಯದೆ ಸ್ವಲ್ಪ ಸ್ವಲ್ಪವಾಗಿ, ಪಟ್ಟಿಯ ಕೆಳಗೆ ಬೆರಳು ಹೋಗುವಷ್ಟು ಬಿಗಿಯಬೇಕು. ಆಮೇಲೆ ಮುಂಗಾಲುಗಳನ್ನು ಒಂದೊಂದಾಗಿ ಎತ್ತಿ ಮುಂದಕ್ಕೆ ಎಳೆದರೆ ಪಟ್ಟಿಯಡಿ ಸಿಕ್ಕ ಚರ್ಮದ ಮಡಿಕೆ ಬಿಡುತ್ತದೆ.

ಐದನೆಯದನ್ನೇ ಹೆಚ್ಚಿನವರು ಮರೆಯುವುದು. ಸವಾರ ಏರಿದ ಮೇಲೆ ಇನ್ನೊಮ್ಮೆ ನೋಡಬೇಕು. ಖಾಲಿ ಜೀನು ಸರಿಯಾಗಿ ಕೂತಿತೆಂದರೆ ಕೆಲಸ ಮುಗಿಯಲಿಲ್ಲ. ಭಾರ ಬಿದ್ದಾಗ ಮೆತ್ತೆ ಅಮುಕಿ ಕಮಾನು ಕೆಳಗಿಳಿಯುತ್ತದೆ. ಆಗಲೂ ಕಮಾನಿಗೂ ಏರಿಗೂ ನಡುವೆ ಎರಡು ಬೆರಳಾದರೂ ಸುಲಭವಾಗಿ ತೂರಬೇಕು. ಜೀನಿನ ಮುಂಭಾಗದಡಿ ಅಂಗೈ ಇಟ್ಟು, ಇನ್ನೊಬ್ಬರಿಗೆ ಮುಂಗಾಲು ಎತ್ತಿ ಮುಂದಕ್ಕೆ ಚಾಚಲು ಹೇಳಬೇಕು. ಕೈ ನಜ್ಜಿದರೆ ಕುದುರೆಯ ಹೆಗಲೂ ನಜ್ಜುತ್ತದೆ. ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ ಬೇರೊಂದಿಲ್ಲ.

ಬೆವರು ಬರೆದ ಬರಹ

ಒಂದು ಗಂಟೆ ಸವಾರಿಯಾದ ಮೇಲೆ ಬೆನ್ನು ತನ್ನ ವರದಿಯನ್ನು ತಾನೇ ಒಪ್ಪಿಸುತ್ತದೆ. ಜೀನು ತೆಗೆದಾಗ ಹಲಗೆ ಕೂತ ಜಾಗವೆಲ್ಲ ಒಂದೇ ಸಮ ಒದ್ದೆಯಾಗಿ, ನಡುವಿನ ಓಣಿ ಒಣಗಿದ್ದರೆ ಒಳ್ಳೆಯದು. ಒದ್ದೆಯ ನಡುವೆ ಅಂಗೈಯಗಲದ ಒಣ ಜಾಗ ಕಂಡರೆ ಎಚ್ಚರ! ಅಲ್ಲಿ ಒತ್ತಡ ಹೆಚ್ಚಾಗಿ ಬೆವರು ಬಾರದೆ ಹೋಗಿರಬಹುದು, ಇಲ್ಲವೇ ಜೀನು ತಾಗದೇ ಇರಬಹುದು. ಯಾವುದೆಂದು ಕೈ ಇಟ್ಟು ತಿಳಿಯಬೇಕು.

ಜೀನನ್ನು ಇಳಿದ ಕೂಡಲೇ ಕಿತ್ತು ತೆಗೆಯುವುದೂ ತಪ್ಪು. ಹೊಟ್ಟೆಪಟ್ಟಿ ಸಡಿಲಿಸಿ ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟು, ಬೆನ್ನು ತಣಿದ ಮೇಲೆ ತೆಗೆದು ಉಜ್ಜುವುದು ಅಶ್ವದಳಗಳ ಹಳೆಯ ಪದ್ಧತಿ. ಒತ್ತಿಹೋದ ಜಾಗಕ್ಕೆ ರಕ್ತ ಒಮ್ಮೆಗೇ ನುಗ್ಗಿದರೆ ಬಾವು ಏಳುತ್ತದೆ ಎಂಬುದು ಅದರ ಹಿಂದಿನ ಅನುಭವ.

ಇಷ್ಟಾದರೂ ಕೆಲಸ ಒಂದು ದಿನಕ್ಕೆ ಮುಗಿಯದು. ದಂಡಯಾತ್ರೆಯಲ್ಲಿ ಮೇವು ಕಡಿಮೆ, ನಡಿಗೆ ಹೆಚ್ಚು. ಮೊದಲ ದಿನ ಅಚ್ಚುಕಟ್ಟಾಗಿ ಕೂತ ಜೀನು ಹದಿನೈದನೆಯ ದಿನಕ್ಕೆ ಸೊರಗಿದ ಬೆನ್ನಿನ ಮೇಲೆ ಕುಸಿದು ಎಲುಬಿಗೆ ತಾಗುತ್ತದೆ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಯುದ್ಧದಲ್ಲಿ ಇಂಗ್ಲಿಷರು 3 ಲಕ್ಷಕ್ಕೂ ಹೆಚ್ಚು ಕುದುರೆಗಳನ್ನು ಕಳೆದುಕೊಂಡರು. ಮೇವಿಲ್ಲದ ದಣಿವು, ರೋಗ, ಹೊಸ ಹವೆಗೆ ಒಗ್ಗುವ ಮೊದಲೇ ದುಡಿಸಿದ್ದು ಮುಖ್ಯ ಕಾರಣಗಳಾದರೂ ಬೆನ್ನುಹುಣ್ಣಿನ ಪಾಲೂ ಇತ್ತು. ಅವರ ಪಶುವೈದ್ಯ ಫ್ರೆಡರಿಕ್ ಸ್ಮಿತ್ 1891ರಲ್ಲೇ ಜೀನು ಮತ್ತು ಬೆನ್ನುಹುಣ್ಣಿನ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದಿದ್ದರು. 1912ರ ಮಾದರಿಯ ಜೀನಿನಲ್ಲಿ ಹಲಗೆಗಳನ್ನು ಕಮಾನಿಗೆ ಗಟ್ಟಿಯಾಗಿ ಜಡಿಯದೆ ಅಲುಗಾಡುವ ಕೀಲುಗಳಿಂದ ಜೋಡಿಸಿದರು. ಕುದುರೆ ಸೊರಗಿದರೆ ಹಲಗೆಯ ಓರೆಯೂ ಅದಕ್ಕೆ ತಕ್ಕಂತೆ ಬದಲಾಗಲಿ ಎಂಬುದು ಉದ್ದೇಶ. ತಂತ್ರ ಅಷ್ಟಾದರೂ ಸವಾರನ ಬೆಳಗಿನ ಪರೀಕ್ಷೆ ತಪ್ಪಲಿಲ್ಲ.

ಕನ್ನಡ ನಾಡಿನ ಕುದುರೆ ಸವಾರರೂ ಇಂಥ ಯಾತ್ರೆ ಕಂಡವರೇ. ಮೊದಲ ಮಹಾಯುದ್ಧದಲ್ಲಿ 1918ರ ಸೆಪ್ಟೆಂಬರ್ 19ರಂದು ಪ್ಯಾಲೆಸ್ಟೈನಿನಲ್ಲಿ ದೊಡ್ಡ ದಾಳಿ ಶುರುವಾಯಿತು. ನಾಲ್ಕೇ ದಿನಗಳ ಬಳಿಕ, 23ರಂದು, ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್ಸ್ ಪಡೆಗಳು ಹೈಫಾ ಪಟ್ಟಣವನ್ನು ಗೆದ್ದವು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಪಡೆಯ ಸ್ಮಾರಕವಿದೆ. ಅಲ್ಲಿ ಸ್ಮರಿಸುವುದು ಸವಾರರ ಶೌರ್ಯವನ್ನು. ಆ ಶೌರ್ಯವನ್ನು ಅಲ್ಲಿಯವರೆಗೆ ಹೊತ್ತು ತಂದದ್ದು ಬೆನ್ನುಗಳು ಎಂಬುದನ್ನೂ ನೆನೆಯಬಹುದು.

ಅಟ್ಟದ ಮೇಲಿನ ಜೀನು

ಈಗ ಇದೆಲ್ಲ ಯಾರಿಗೆ ಬೇಕು? ಜಯಪುರದ 61ನೇ ಅಶ್ವದಳ, ಮೈಸೂರು ದಸರೆಯಲ್ಲಿ ಕಾಣುವ ಪೊಲೀಸ್ ಕುದುರೆ ಪಡೆ, ಇವಿಷ್ಟೇ ಎಂದು ತೋರಬಹುದು. ಹಾಗಲ್ಲ. ಶಾಲೆಯ ಮೆರವಣಿಗೆಯಲ್ಲಿ, ಜಯಂತಿಗಳಲ್ಲಿ ಚೆನ್ನಮ್ಮನಾಗಿಯೋ ಸೇನಾಪತಿಯಾಗಿಯೋ ವೇಷ ತೊಟ್ಟ ಮಗುವನ್ನು ಕುದುರೆಯ ಮೇಲೆ ಕೂರಿಸುವ ಸಂಭ್ರಮ ನಮ್ಮ ಊರುಗಳಲ್ಲಿ ಇದೆ. ವೇಷ ನಿಜವೆನಿಸಲಿ ಎಂದು ಹಳೆಯ ವಾಡೆಯ ಅಟ್ಟದಿಂದ ಅಜ್ಜನ ಕಾಲದ ಜೀನನ್ನು ಇಳಿಸಿ, ಮದುವೆಗೆ ಬಾಡಿಗೆಗೆ ಬರುವ ಕುದುರೆಗೆ ಬಿಗಿಯುವುದೂ ಉಂಟು.

ಆ ಜೀನನ್ನು ಯಾವುದೋ ಬೇರೆ ಕುದುರೆಗೆಂದು ಮಾಡಿದ್ದರು. ಅದರ ಮರಕ್ಕೆ ಹುಳು ಹಿಡಿದಿರಬಹುದು. ಹೊಲಿಗೆ ನೋಡಲು ಗಟ್ಟಿ, ಎಳೆದರೆ ಪುಡಿ. ಚರ್ಮ ಮಡಿಸಿದರೆ ಸೀಳುತ್ತದೆ. ರಿಕಾಬಿನ ಪಟ್ಟಿ ಕಿತ್ತುಬಂದರೆ ಬೀಳುವುದು ಮಗು. ಒಳಗಿನ ಹಲಗೆ ಮುರಿದರೆ ಚುಚ್ಚುವುದು ಕುದುರೆಯ ಬೆನ್ನಿಗೆ. ಇಂಥ ಜೀನಿಗೆ ತಕ್ಕ ಜಾಗ ಗೋಡೆ ಅಥವಾ ಶಾಲೆಯ ಪ್ರದರ್ಶನದ ಮೇಜು. ಮಕ್ಕಳು ಅದರ ಅಳತೆ ತೆಗೆಯಲಿ, ಚಿತ್ರ ಬರೆಯಲಿ, ಓಣಿ ಎಷ್ಟು ಅಗಲ, ಹಲಗೆ ಎಷ್ಟು ಉದ್ದ ಎಂದು ಲೆಕ್ಕ ಹಾಕಲಿ. ಸವಾರಿಗೇ ಬೇಕೆಂದರೆ ಅದರ ಮಾದರಿಯಲ್ಲಿ ಹೊಸದನ್ನು ಆ ಕುದುರೆಯ ಅಳತೆಗೇ ಮಾಡಿಸಬೇಕು. ಅಳತೆ ಕಷ್ಟವಲ್ಲ. ಬಾಗುವ ದಪ್ಪ ತಂತಿಯನ್ನು ಹೆಗಲೆಲುಬಿನ ಹಿಂದೆ ಬೆನ್ನಿಗೆ ಅಡ್ಡಲಾಗಿ ಒತ್ತಿ, ಆ ಆಕಾರವನ್ನು ರಟ್ಟಿನ ಮೇಲೆ ಬರೆದು ಕತ್ತರಿಸಿದರೆ ಆ ಕುದುರೆಯ ಬೆನ್ನಿನ ಅಚ್ಚು ಸಿದ್ಧ. ಮೆರವಣಿಗೆ ಅರ್ಧ ಗಂಟೆಯದೇ ಆದರೂ ಕುದುರೆಯವರನ್ನು ಕೇಳಿ, ಅದಕ್ಕೆ ರೂಢಿಯಾದ ಜೀನನ್ನೇ ಬಿಗಿದು ಮೇಲೆ ಹಗುರಾದ ಜರಿಯ ಬಟ್ಟೆ ಹೊದಿಸಿದರೆ ವೇಷಕ್ಕೂ ಕುಂದಿಲ್ಲ, ಬೆನ್ನಿಗೂ ಕೇಡಿಲ್ಲ.

ಕಡೆಯ ಮಾತೊಂದು. ಜೀನು ಕಂಡೊಡನೆ ಕಿವಿ ಹಿಂದಕ್ಕೆ ಮಡಿಸುವ, ಪಟ್ಟಿ ಬಿಗಿಯುವಾಗ ತಿರುಗಿ ಕಚ್ಚಲು ಬರುವ, ಏರಿದೊಡನೆ ಬೆನ್ನು ತಗ್ಗಿಸುವ ಕುದುರೆಗೆ ಹಟಮಾರಿ ಎಂಬ ಹೆಸರು ಬೇಗ ಬರುತ್ತದೆ. ಅದು ಹಟಮಾರಿಯೇ ಇರಬಹುದು. ಆದರೆ ಬಲ್ಲವರು ಚಾವಟಿ ಹಿಡಿಯುವ ಮೊದಲು ಜೀನು ಇಳಿಸಿ ಬೆನ್ನಿನ ಮೇಲೆ ಅಂಗೈ ಆಡಿಸುತ್ತಾರೆ. ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ.